ಕೊರಿಂಥದ ಮಹಾಧರ್ಮಾಧ್ಯಕ್ಷ ಮೂರ್ಬೆಕೆಯ ವಿಲಿಯಂ

ಸಂತ ಪೌಲರು ಕೊರಿಂಥದ ಕ್ರೈಸ್ತರಿಗೆ ಬರೆದ ಎರಡು ಪತ್ರಗಳು ನಮಗೆಲ್ಲ ಪರಿಚಿತವಾದುವು. ಪ್ರೀತಿಯನ್ನು ಕುರಿತ ಆ ಅಧ್ಯಾಯವನ್ನು ವಿವಾಹದ ಪೂಜೆಗಳಲ್ಲಿ ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಪೌಲರು ಒಂದೂವರೆ ವರ್ಷ ನೆಲೆಸಿ, ಗುಡಾರ ಮಾಡುವ ಕಸುಬಿನಿಂದ ಜೀವಿಸುತ್ತ ಶುಭಸಂದೇಶ ಸಾರಿದ ಆ ಊರಿನಲ್ಲಿ, ಮಧ್ಯಯುಗದಲ್ಲಿ ಸುಮಾರು ಎರಡು ಶತಮಾನಗಳ ಕಾಲ ರೋಮಿಗೆ ಅಧೀನವಾದ ಲ್ಯಾಟಿನ್ ಮಹಾಧರ್ಮಪ್ರಾಂತವೊಂದು ಇತ್ತೆಂಬುದು ನಮ್ಮಲ್ಲಿ ಅನೇಕರು ಕೇಳಿರಲಾರದ ಸಂಗತಿ. ಇಂದು ಆ ಧರ್ಮಪ್ರಾಂತವಿಲ್ಲ. ಅದರ ಹೆಸರು ಮಾತ್ರ ರೋಮಿನ ಪಟ್ಟಿಯಲ್ಲಿ ಪ್ರಜೆಗಳಿಲ್ಲದ ನಾಮಮಾತ್ರ ಪೀಠವಾಗಿ ಉಳಿದಿದೆ. ಆ ಪೀಠವನ್ನೇರಿದವರಲ್ಲಿ ವಿದ್ವತ್ಪ್ರಪಂಚವು ಇಂದಿಗೂ ಗೌರವದಿಂದ ಸ್ಮರಿಸುವ ಹೆಸರು ಡೊಮಿನಿಕನ್ ಸನ್ಯಾಸಿ ಮೂರ್ಬೆಕೆಯ ವಿಲಿಯಂ ಅವರದು. ಶತಮಾನೋತ್ಸವದ ಸಂಭ್ರಮದ ಸಂಚಿಕೆಯಲ್ಲಿ ಅಳಿದುಹೋದ ಧರ್ಮಪ್ರಾಂತವೊಂದರ ಕಥೆಯೇ ಎಂದು ಕೆಲವರು ಹುಬ್ಬೇರಿಸಿಯಾರು. ಧರ್ಮಸಭೆಯ ಇತಿಹಾಸದಲ್ಲಿ ಇಂಥ ಪುಟಗಳೂ ಇವೆ. ಅವನ್ನು ಓದಲು ನಾವು ಅಂಜಬೇಕಾಗಿಲ್ಲ.

ಕೊರಿಂಥದ ಲ್ಯಾಟಿನ್ ಪೀಠವು ಹುಟ್ಟಿದ ಬಗೆಯನ್ನು ಮರೆಮಾಚದೆ ಹೇಳಿಬಿಡುವುದು ಒಳ್ಳೆಯದು. ಪವಿತ್ರ ನಾಡಿಗೆಂದು ಹೊರಟ ನಾಲ್ಕನೆಯ ಶಿಲುಬೆ ಯುದ್ಧದ ಸೈನ್ಯವು ದಾರಿ ತಪ್ಪಿ, 1204ರ ಏಪ್ರಿಲಿನಲ್ಲಿ ಕಾನ್ಸ್ಟಾಂಟಿನೋಪಲ್ ನಗರವನ್ನು ಸೂರೆಗೊಂಡಿತು. ಕ್ರೈಸ್ತರೇ ಕ್ರೈಸ್ತರ ದೇವಾಲಯಗಳನ್ನು ದೋಚಿದರು. ಅಂದಿನ ಜಗದ್ಗುರುಗಳಾದ ಮೂರನೆಯ ಇನ್ನೊಸೆಂಟರು ಸೂರೆಯ ವಿವರಗಳನ್ನು ತಿಳಿದು ಕಟುವಾಗಿ ಖಂಡಿಸಿದರಾದರೂ, ಗೆದ್ದ ನಾಡಿನಲ್ಲಿ ಲ್ಯಾಟಿನ್ ಧರ್ಮಾಧ್ಯಕ್ಷರನ್ನು ನೇಮಿಸುವ ಕಾರ್ಯ ಮುಂದುವರಿಯಿತು. ಫ್ರೆಂಚ್ ಸರದಾರರು ದಕ್ಷಿಣಕ್ಕೆ ನುಗ್ಗಿ ಪೆಲೊಪೊನ್ನೀಸಿನಲ್ಲಿ ತಮ್ಮ ಸಂಸ್ಥಾನಗಳನ್ನು ಕಟ್ಟಿಕೊಂಡರು. ಊರಿನ ನೆತ್ತಿಯ ಮೇಲೆ 575 ಮೀಟರು ಎತ್ತರದ ಬಂಡೆಯಲ್ಲಿರುವ ಕೊರಿಂಥದ ಕೋಟೆಯು ವರ್ಷಗಳ ಮುತ್ತಿಗೆಯ ಬಳಿಕ 1210ರ ಸುಮಾರಿಗೆ ಅವರ ವಶವಾಯಿತು. ಗ್ರೀಕ್ ಮಹಾಧರ್ಮಾಧ್ಯಕ್ಷರಿದ್ದ ಸ್ಥಾನಕ್ಕೆ ಲ್ಯಾಟಿನ್ ಮಹಾಧರ್ಮಾಧ್ಯಕ್ಷರು ಬಂದರು. ಅರ್ಗೋಸ್ ಮೊದಲಾದ ನೆರೆಯ ಧರ್ಮಪ್ರಾಂತಗಳು ಅವರ ಅಧೀನಕ್ಕೆ ಸೇರಿದುವು. ಆದರೆ ನಾಡಿನ ಜನರು ತಮ್ಮ ಗ್ರೀಕ್ ಪೂಜಾವಿಧಿಯನ್ನೂ ತಮ್ಮ ಗುರುಗಳನ್ನೂ ಬಿಡಲಿಲ್ಲ. ಹೊಸ ಪೀಠಕ್ಕೆ ದೊರೆಗಳಿದ್ದರು, ಭೂಮಿಯಿತ್ತು. ಮಂದೆ ಮಾತ್ರ ಅತ್ಯಲ್ಪವಾಗಿತ್ತು.

ಇಂಥ ಪೀಠಕ್ಕೆ ಮುಂದೆ ಅಧಿಪತಿಯಾಗಲಿದ್ದ ವಿಲಿಯಂ ಅವರು ಇಂದಿನ ಬೆಲ್ಜಿಯಂಗೆ ಸೇರಿದ ಫ್ಲಾಂಡರ್ಸ್ ಸೀಮೆಯ ಮೂರ್ಬೆಕೆ ಎಂಬ ಊರಿನವರು. ಹದಿಮೂರನೆಯ ಶತಮಾನದ ಪೂರ್ವಾರ್ಧದಲ್ಲಿ ಜನಿಸಿ, ಸಂತ ಡೊಮಿನಿಕರ ಸಭೆಯನ್ನು ಸೇರಿದರು. ಆ ಸಭೆಯವರು ಗ್ರೀಕರೊಡನೆ ಕತ್ತಿಯಿಂದಲ್ಲ, ಮಾತಿನಿಂದ ವ್ಯವಹರಿಸಬೇಕೆಂದು ಬಗೆದು ಅವರ ಭಾಷೆಯನ್ನು ಕಲಿಯುತ್ತಿದ್ದ ಕಾಲವದು. 1260ರ ವಸಂತದಲ್ಲಿ ವಿಲಿಯಂ ಅವರು ನಿಸೇಯ ನಗರದಲ್ಲಿದ್ದರು. 325ರಲ್ಲಿ ಪ್ರಥಮ ವಿಶ್ವಮಹಾಸಭೆ ಸೇರಿದ್ದ ಆ ಊರು ಆಗ ನೆಲೆ ಕಳೆದುಕೊಂಡ ಗ್ರೀಕ್ ಚಕ್ರವರ್ತಿಗಳಿಗೆ ಆಶ್ರಯಸ್ಥಾನವಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ, ಡೊಮಿನಿಕನ್ನರ ಮಠವಿದ್ದ ಥೀಬ್ಸಿನಲ್ಲಿ, ಅರಿಸ್ಟಾಟಲನು ಪ್ರಾಣಿಗಳ ಅಂಗಾಂಗಗಳನ್ನು ಕುರಿತು ಬರೆದ ಗ್ರಂಥವನ್ನು ಲ್ಯಾಟಿನ್ನಿಗೆ ತಂದು ಮುಗಿಸಿದರು. ಕ್ರಿಸ್ತಜಯಂತಿಗೆ ಆಗ ಎರಡೇ ದಿನ ಉಳಿದಿತ್ತು.

ಅರಿಸ್ಟಾಟಲನ ಗ್ರಂಥಗಳು ಅದಕ್ಕೆ ಮೊದಲೇ ಪಶ್ಚಿಮಕ್ಕೆ ಬಂದಿದ್ದುವು. ಆದರೆ ಅನೇಕವು ಅರಬ್ಬೀ ಭಾಷೆಯ ಮೂಲಕ ಸುತ್ತುಬಳಸಿ ಬಂದವು. ಕೆಲವು ಅರೆಬರೆ, ಕೆಲವು ಅಸ್ಪಷ್ಟ. ಮೂಲದಲ್ಲಿ ಏನಿದೆಯೆಂದು ತಿಳಿಯದೆ ಪ್ಯಾರಿಸಿನ ಪಂಡಿತರು ಕಾದಾಡುತ್ತಿದ್ದರು. ವಿಲಿಯಂ ಅವರು ಹಳೆಯ ಅನುವಾದಗಳನ್ನು ಗ್ರೀಕ್ ಹಸ್ತಪ್ರತಿಗಳೊಡನೆ ಹೋಲಿಸಿ ತಿದ್ದಿದರು. ಇಲ್ಲದವನ್ನು ಹೊಸದಾಗಿ ರಚಿಸಿದರು. ರಾಜ್ಯಶಾಸ್ತ್ರವನ್ನು ಕುರಿತ ಗ್ರಂಥವು ಅರಬ್ಬೀ ಮಾರ್ಗದಲ್ಲಿಯೂ ಪಶ್ಚಿಮಕ್ಕೆ ಬಂದಿರಲಿಲ್ಲ. ಅದನ್ನು ಪ್ರಥಮವಾಗಿ ಲ್ಯಾಟಿನ್ನಿಗೆ ಇಳಿಸಿದ ಕೀರ್ತಿ ಅವರದು. ಪ್ರಜಾಪ್ರಭುತ್ವಕ್ಕೆ ಗ್ರೀಕರು ಬಳಸುತ್ತಿದ್ದ ಪದಕ್ಕೆ ತಕ್ಕ ಲ್ಯಾಟಿನ್ ಪದ ದೊರೆಯದೆ ಅವರು ಗ್ರೀಕ್ ಪದವನ್ನೇ ಹಾಗೆಯೇ ಇರಿಸಿಕೊಂಡರು. ಇಂದು ನಾವು ಡೆಮಾಕ್ರಸಿ ಎಂದು ಕನ್ನಡದಲ್ಲಿಯೂ ಆಡುವ ಮಾತು ಯೂರೋಪಿನ ಭಾಷೆಗಳಿಗೆ ಹಾದುಬಂದ ಹೆದ್ದಾರಿ ಅದೇ.

1267ರ ವೇಳೆಗೆ ಅವರು ಇಟಲಿಯ ವಿಟೆರ್ಬೊ ನಗರದಲ್ಲಿದ್ದ ಪೋಪರ ಆಸ್ಥಾನದಲ್ಲಿದ್ದರು. ಜಗದ್ಗುರುಗಳ ಪರವಾಗಿ ಪಾಪನಿವೇದನೆ ಆಲಿಸಿ ಕ್ಷಮಾದಾನ ನೀಡುವ ಹೊಣೆ ಅವರದಾಗಿತ್ತು. 1268ರ ನವೆಂಬರಿನಲ್ಲಿ ನಾಲ್ಕನೆಯ ಕ್ಲೆಮೆಂಟರು ನಿಧನರಾದ ಬಳಿಕ, ಕಾರ್ಡಿನಲರು ಒಮ್ಮತಕ್ಕೆ ಬಾರದೆ 1271ರ ಸೆಪ್ಟೆಂಬರಿನವರೆಗೆ ಪೇತ್ರರ ಪೀಠ ಬರಿದಾಗಿತ್ತು. ಬೇಸತ್ತ ಊರಿನವರು ಕಾರ್ಡಿನಲರನ್ನು ಅರಮನೆಯೊಳಗೆ ಕೂಡಿಹಾಕಿ ಚಾವಣಿಯನ್ನೇ ಕಳಚಿದರೆಂದು ಪ್ರತೀತಿ. ಅದೇ ಊರಿನಲ್ಲಿ, ಅದೇ ಗದ್ದಲದ ನಡುವೆ, ವಿಲಿಯಂ ಅವರು ಆರ್ಕಿಮಿಡೀಸನ ಗಣಿತ ಗ್ರಂಥಗಳನ್ನು ಭಾಷಾಂತರಿಸುತ್ತ ಕುಳಿತಿದ್ದರು. 1269ರ ಡಿಸೆಂಬರಿನಲ್ಲಿ ಆ ಕೆಲಸ ಮುಗಿಯಿತು. ಸ್ವತಃ ಅವರ ಕೈಬರಹದ ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಇಂದಿಗೂ ಇದೆ. ನೀರಿನಲ್ಲಿ ತೇಲುವ ವಸ್ತುಗಳ ನಿಯಮವನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರಲ್ಲವೆ? ಆ ನಿಯಮವನ್ನು ಹೇಳುವ ಗ್ರಂಥದ ಗ್ರೀಕ್ ಮೂಲ ಕಣ್ಮರೆಯಾಗಿ, 1906ರಲ್ಲಿ ಕಾನ್ಸ್ಟಾಂಟಿನೋಪಲಿನಲ್ಲಿ ಹಳೆಯ ಅಕ್ಷರಗಳನ್ನು ಕೆರೆದು ಪ್ರಾರ್ಥನೆಗಳನ್ನು ಬರೆದಿದ್ದ ಚರ್ಮದ ಪುಸ್ತಕವೊಂದರಲ್ಲಿ ಅದು ಪತ್ತೆಯಾಗುವ ತನಕ, ಜಗತ್ತಿಗೆ ವಿಲಿಯಂ ಅವರ ಲ್ಯಾಟಿನ್ ಪಾಠವೇ ಆಧಾರವಾಗಿತ್ತು.

ಸಂತ ತೋಮಸ್ ಅಕ್ವಿನಾಸರು ಅದೇ ಸಭೆಯವರು, ಅದೇ ಕಾಲದವರು. ತಮ್ಮ ಸಭೆಯ ಸಹೋದರನಿಂದ ಈ ಅನುವಾದಗಳನ್ನು ಮಾಡಿಸಿದವರು ತೋಮಸರೇ ಎಂಬ ಹಳೆಯ ನಂಬಿಕೆಯನ್ನು ಇಂದಿನ ವಿದ್ವಾಂಸರು ಅಷ್ಟಾಗಿ ಒಪ್ಪುವುದಿಲ್ಲ. ತೋಮಸರು ಅವನ್ನು ಓದಿ ಬಳಸಿಕೊಂಡರೆಂಬುದು ಮಾತ್ರ ನಿಶ್ಚಯ. 1879ರಲ್ಲಿ ಹದಿಮೂರನೆಯ ಲಿಯೋ ಅವರು ತೋಮಸರ ತತ್ತ್ವಶಾಸ್ತ್ರವನ್ನು ಕಥೋಲಿಕ ಶಿಕ್ಷಣದ ಬುನಾದಿಯಾಗಿ ಎತ್ತಿಹಿಡಿದ ಬಳಿಕ, ನಮ್ಮ ನಾಡಿನ ಗುರುಮಠಗಳಲ್ಲಿಯೂ ಆ ಪಾಠ ನಡೆಯಿತು. ಎಲ್ಲರೂ ವಿಲಿಯಂ ಅವರನ್ನು ಮೆಚ್ಚಿದರೆಂದಲ್ಲ. ಫ್ರಾನ್ಸಿಸ್ಕನ್ ಪಂಡಿತ ರೋಜರ್ ಬೇಕನರು ಅವರಿಗೆ ಏನೂ ತಿಳಿಯದೆಂದು ಕಠಿಣವಾಗಿ ಜರೆದರು. ಪದಕ್ಕೆ ಪದವಿಟ್ಟು ಸಾಗುವ ಅವರ ಲ್ಯಾಟಿನ್ ನಿಜಕ್ಕೂ ಒರಟು. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಬಳಿಕ ಪೂಜೆಯ ಪ್ರಾರ್ಥನೆಗಳು ಲ್ಯಾಟಿನ್ನಿನಿಂದ ಕನ್ನಡಕ್ಕೆ ಬಂದುದನ್ನು ಕಂಡ ಹಿರಿಯರಿಗೆ, ಒಂದೊಂದು ಪದಕ್ಕೂ ಎಷ್ಟು ಹೆಣಗಾಟವೆಂಬುದನ್ನು ವಿವರಿಸಬೇಕಾಗಿಲ್ಲ. ಆ ಒರಟುತನವೇ ಇಂದು ವರವಾಗಿದೆ: ವಿಲಿಯಂ ಅವರ ಮುಂದಿದ್ದು ಈಗ ನಾಶವಾಗಿರುವ ಹಸ್ತಪ್ರತಿಗಳಲ್ಲಿ ಯಾವ ಗ್ರೀಕ್ ಪದವಿತ್ತೆಂಬುದನ್ನು ವಿದ್ವಾಂಸರು ಅವರ ಲ್ಯಾಟಿನ್ನಿನಿಂದಲೇ ಊಹಿಸಬಲ್ಲರು.

1274ರಲ್ಲಿ ಲಿಯೋನ್ಸ್ ನಗರದಲ್ಲಿ ಮಹಾಸಭೆ ಸೇರಿತು. ಅಲ್ಲಿಗೆ ಹೊರಟ ಸಂತ ತೋಮಸರು ಮಾರ್ಚ್ 7ರಂದು ದಾರಿಯಲ್ಲಿಯೇ ಮರಣಹೊಂದಿದರು. ಕಾನ್ಸ್ಟಾಂಟಿನೋಪಲನ್ನು ಮರಳಿ ಪಡೆದಿದ್ದ ಚಕ್ರವರ್ತಿ ಎಂಟನೆಯ ಮೈಕೇಲನ ರಾಯಭಾರಿಗಳು ಬಂದು, ಎರಡು ಧರ್ಮಸಭೆಗಳ ಐಕ್ಯವನ್ನು ಘೋಷಿಸಿದರು. ಮಹಾಸಭೆಯ ಬಲಿಪೂಜೆಯಲ್ಲಿ ವಿಶ್ವಾಸಪ್ರಮಾಣವನ್ನು ಲ್ಯಾಟಿನ್ನಿನಲ್ಲಿ ಹಾಡಿದ ಮೇಲೆ, ಗ್ರೀಕ್ ಧರ್ಮಾಧ್ಯಕ್ಷರೊಡನೆ ನಿಂತು ಅದನ್ನು ಗ್ರೀಕ್ ಭಾಷೆಯಲ್ಲಿ ಹಾಡಿದವರಲ್ಲಿ ವಿಲಿಯಂ ಅವರೂ ಒಬ್ಬರು. ಪವಿತ್ರಾತ್ಮರು ಪಿತನಿಂದಲೂ ಸುತನಿಂದಲೂ ಹೊರಡುವರೆಂಬ, ಶತಮಾನಗಳ ಜಗಳಕ್ಕೆ ಕಾರಣವಾಗಿದ್ದ ಆ ಮಾತನ್ನು ಮೂರು ಸಲ ಹಾಡಲಾಯಿತು. ಮೂರು ಸಲ ಏಕೆ? ಗ್ರೀಕರು ನಿಜವಾಗಿ ಒಪ್ಪಿದರೆಂದು ಎಲ್ಲರ ಕಿವಿಗೂ ಬೀಳಲೆಂದಿರಬೇಕು. ಒಮ್ಮೆ ಮನಸಾರೆ ನುಡಿದದ್ದಾಗಿದ್ದರೆ ಸಾಲದಿತ್ತೆ ಎಂದು ನಮಗನಿಸುತ್ತದೆ.

1278ರ ಏಪ್ರಿಲ್ 9ರಂದು ಜಗದ್ಗುರು ಮೂರನೆಯ ನಿಕೊಲಾಸರು ವಿಲಿಯಂ ಅವರನ್ನು ಕೊರಿಂಥದ ಮಹಾಧರ್ಮಾಧ್ಯಕ್ಷರನ್ನಾಗಿ ನೇಮಿಸಿದರು. ಆ ಪೀಠಕ್ಕೆ ಗ್ರೀಕ್ ಬಲ್ಲ, ಗ್ರೀಕರನ್ನು ಗೌರವಿಸುವ ಕುರುಬನೊಬ್ಬನು ದೊರೆತನು. ಕಾಲ ಮಾತ್ರ ಕೈಕೊಟ್ಟಿತು. ಮರುತಿಂಗಳೇ ಆ ಸೀಮೆಯ ದೊರೆ ವಿಲ್ಲೆಹಾರ್ಡುಯಿನ್ ವಂಶದ ವಿಲಿಯಂ ತೀರಿಕೊಂಡು, ಆಳ್ವಿಕೆಯು ಇಟಲಿಯಲ್ಲಿದ್ದ ಆಂಜೂ ವಂಶದ ಚಾರ್ಲ್ಸನ ಕೈಸೇರಿತು. ಕಾನ್ಸ್ಟಾಂಟಿನೋಪಲನ್ನು ಮತ್ತೆ ಗೆಲ್ಲುವುದೇ ಆತನ ಹಂಬಲವಾಗಿತ್ತು. ಲಿಯೋನ್ಸಿನ ಐಕ್ಯವನ್ನು ಗ್ರೀಕ್ ಗುರುಗಳೂ ಜನರೂ ಒಪ್ಪಲಿಲ್ಲ. ಒಪ್ಪದವರನ್ನು ಚಕ್ರವರ್ತಿ ಸೆರೆಗೆ ತಳ್ಳಿದನು. 1281ರಲ್ಲಿ ನಾಲ್ಕನೆಯ ಮಾರ್ಟಿನರು ಆ ಚಕ್ರವರ್ತಿಯನ್ನೇ ಬಹಿಷ್ಕರಿಸಿದರು. 1282ರಲ್ಲಿ ಆತನು ಸತ್ತು, ಮಗನು ಐಕ್ಯವನ್ನು ಕೈಬಿಟ್ಟನು. ತಾವು ನಿಂತು ಹಾಡಿದ ಒಪ್ಪಂದವು ಎಂಟೇ ವರ್ಷಗಳಲ್ಲಿ ಮುರಿದುದನ್ನು ವಿಲಿಯಂ ಅವರು ಕಣ್ಣಾರೆ ಕಂಡರು.

ಕೊರಿಂಥದಲ್ಲಿ ಅವರು ಮಾಡಿದ ಕೆಲಸಗಳಲ್ಲಿ ನಮಗೆ ಖಚಿತವಾಗಿ ದೊರೆಯುವುದು ಮತ್ತೊಂದು ಭಾಷಾಂತರವೇ. 1280ರ ಫೆಬ್ರುವರಿಯಲ್ಲಿ, ಗ್ರೀಕ್ ತತ್ತ್ವಜ್ಞಾನಿ ಪ್ರೋಕ್ಲಸನು ದೈವಾನುಗ್ರಹ, ವಿಧಿ ಮತ್ತು ಕೆಡುಕಿನ ಇರವನ್ನು ಕುರಿತು ಬರೆದ ಮೂರು ಕಿರುಗ್ರಂಥಗಳನ್ನು ಅವರು ಅಲ್ಲಿ ಲ್ಯಾಟಿನ್ನಿಗೆ ತಂದರು. ದೇವರು ಆಳುವ ಲೋಕದಲ್ಲಿ ಕೇಡು ಹೇಗೆ ಬಂತೆಂಬ ಪ್ರಶ್ನೆಯನ್ನು, ಸೂರೆಯಿಂದ ಹುಟ್ಟಿದ ಪೀಠದಲ್ಲಿ ಕುಳಿತು ಅವರು ಪದಪದವಾಗಿ ಅಳೆದು ತೂಗಿದರು. ಆ ಗ್ರಂಥಗಳ ಗ್ರೀಕ್ ಮೂಲವು ಯಥಾವತ್ತಾಗಿ ಉಳಿಯಲಿಲ್ಲ. ಗ್ರೀಕರು ಕಳೆದುಕೊಂಡ ಗ್ರೀಕ್ ಕೃತಿಯನ್ನು ಲ್ಯಾಟಿನ್ ಮಹಾಧರ್ಮಾಧ್ಯಕ್ಷರ ಲೇಖನಿ ಉಳಿಸಿಕೊಟ್ಟಿತು.

1286ರ ಅಕ್ಟೋಬರಿನಲ್ಲಿ ಆ ಪೀಠಕ್ಕೆ ಬೇರೊಬ್ಬರ ನೇಮಕವಾಯಿತು. ವಿಲಿಯಂ ಅವರು ಅಷ್ಟರಲ್ಲಿ ದೈವಾಧೀನರಾಗಿದ್ದರು. ಪೀಠವು ಮತ್ತೊಂದು ಶತಮಾನ ಕುಂಟುತ್ತ ಸಾಗಿತು. 1390ರ ದಶಕದಲ್ಲಿ ಕೊರಿಂಥವು ಗ್ರೀಕ್ ದೊರೆಯ ಕೈಸೇರಿ, ಗ್ರೀಕ್ ಮಹಾಧರ್ಮಾಧ್ಯಕ್ಷರು ತಮ್ಮ ಸ್ಥಾನಕ್ಕೆ ಮರಳಿದರು. 1458ರಲ್ಲಿ ತುರ್ಕರು ಕೋಟೆಯನ್ನು ಹಿಡಿದರು. 2001ರ ಮೇ 4ರಂದು ಸಂತ ಎರಡನೆಯ ಜಾನ್ ಪೌಲರು ಅಥೆನ್ಸಿಗೆ ಹೋಗಿ, ಕಾನ್ಸ್ಟಾಂಟಿನೋಪಲಿನ ಸೂರೆಯನ್ನು ಹೆಸರಿಸಿ, ಕಥೋಲಿಕರು ಎಸಗಿದ ಪಾಪಗಳಿಗಾಗಿ ಗ್ರೀಕ್ ಧರ್ಮಾಧ್ಯಕ್ಷರ ಮುಂದೆ ದೇವರ ಕ್ಷಮೆಯನ್ನು ಬೇಡಿದರು.

ಕೊರಿಂಥದ ದಕ್ಷಿಣಕ್ಕೆ, ಅರ್ಗೋಸಿನ ಬಯಲಿನಲ್ಲಿ, ಪವಿತ್ರ ತ್ರಿತ್ವದ ಹೆಸರು ಹೊತ್ತ ಒಂದು ಹಳ್ಳಿಯಿದೆ. ಅದರ ಹಿಂದಿನ ಹೆಸರು ಮೆರ್ಬಕಾ. ಆ ಹೆಸರು ಮೂರ್ಬೆಕೆಯಿಂದಲೇ ಬಂದಿರಬೇಕೆಂದು ಕೆಲವು ವಿದ್ವಾಂಸರು ಎಣಿಸುತ್ತಾರೆ. ಅಲ್ಲಿ ದೇವಮಾತೆಗೆ ಅರ್ಪಿತವಾದ ಹಳೆಯ ಕಲ್ಲಿನ ದೇವಾಲಯವೊಂದು ನಿಂತಿದೆ. ಗ್ರೀಕ್ ಶೈಲಿಯ ಕಟ್ಟಡ; ಗೋಡೆಗಳಲ್ಲಿ ಅಲ್ಲಲ್ಲಿ ಪ್ರಾಚೀನ ಶಿಲೆಗಳನ್ನು ಸೇರಿಸಿದ್ದಾರೆ. ಅದು ಈಗ ಗ್ರೀಕ್ ಸಾಂಪ್ರದಾಯಿಕ ಧರ್ಮಸಭೆಗೆ ಸೇರಿದೆ.