ಸೆಲ್ಬೋರ್ನ್‌ನ ಪಾದ್ರಿ, ಮರಳಿ ಬರುವ ಹಕ್ಕಿಗಳು

ನಾನು ನೆಲೆಸಿರುವ ಹ್ಯಾಂಪ್‌ಶೈರ್ ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿದೆ. ಊರಿನಿಂದ ಬರುವ ಬಂಧುಗಳಿಗೆ ಲಂಡನ್ನಿನ ಗೋಪುರ, ಸೇತುವೆಗಳನ್ನು ತೋರಿಸಿದ ಮೇಲೆ ಒಂದು ದಿನವನ್ನು ಸೆಲ್ಬೋರ್ನ್ ಎಂಬ ಹಳ್ಳಿಗಾಗಿ ಮೀಸಲಿಡುತ್ತೇನೆ. ಅಲ್ಲಿ ಅರಮನೆಯಿಲ್ಲ, ಅಂಗಡಿಬೀದಿಯಿಲ್ಲ. ಹುಟ್ಟಿದೂರನ್ನು ಬಿಡಲೊಲ್ಲದ ಪಾದ್ರಿಯೊಬ್ಬರು ಬಾಳಿದ ಮನೆ, ಅವರು ನಿತ್ಯವೂ ನಡೆದಾಡಿದ ಗುಡ್ಡ ಇವೆರಡೇ ಅಲ್ಲಿನ ವಿಶೇಷ. ಅವರ ಹೆಸರು ಗಿಲ್ಬರ್ಟ್ ವೈಟ್. ಊರು ಬಿಟ್ಟು ಬಂದ ನಮ್ಮಂಥವರಿಗೂ ಊರಿನಲ್ಲೇ ಉಳಿದ ನಮ್ಮ ಹಿರಿಯರಿಗೂ ಅವರ ಬಾಳು ಹತ್ತಿರದ್ದೆಂದು ನನಗೆ ತೋರುತ್ತದೆ.

ವೈಟ್ ಅವರು 1720ರ ಜುಲೈ 18ರಂದು ಸೆಲ್ಬೋರ್ನ್‌ನಲ್ಲಿಯೇ ಜನಿಸಿದರು. ಆಗ ಅವರ ತಾತ ಅಲ್ಲಿನ ಚರ್ಚಿನ ಮುಖ್ಯ ಪಾದ್ರಿಯಾಗಿದ್ದರು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1744ರಲ್ಲಿ ಅದೇ ಕಾಲೇಜಿನ ಫೆಲೋ ಆದರು. ತಾತನ ಹುದ್ದೆ ಮೊಮ್ಮಗನಿಗೆ ಒದಗುವಂತಿರಲಿಲ್ಲ. ಅದನ್ನು ತುಂಬುವ ಹಕ್ಕು ಆಕ್ಸ್‌ಫರ್ಡಿನ ಬೇರೊಂದು ಕಾಲೇಜಿಗೆ ಸೇರಿತ್ತು. ದೂರದ ಊರುಗಳಲ್ಲಿ ಹೆಚ್ಚಿನ ಸ್ಥಾನ ಪಡೆಯುವ ಅವಕಾಶವಿದ್ದರೂ ಅವರು ಸೆಲ್ಬೋರ್ನ್‌ಗೆ ಮರಳಿ, ಕಿರಿಯ ಪಾದ್ರಿಯಾಗಿಯೇ ಸೇವೆ ಸಲ್ಲಿಸಿದರು. ಮದುವೆಯಾಗಲಿಲ್ಲ.

ಊರಿನ ಹಿಂದಿರುವ ಗುಡ್ಡದ ತುಂಬ ಬೀಚ್ ಮರಗಳು. 1753ರಲ್ಲಿ ವೈಟ್ ತಮ್ಮ ಸೋದರ ಜಾನ್‌ನೊಡಗೂಡಿ ಅದನ್ನೇರಲು ಅಂಕುಡೊಂಕಾದ ಕಾಲುದಾರಿಯನ್ನು ಮಾಡಿಸಿದರು. ಅದು ಇಂದಿಗೂ ಇದೆ. ಮೇ ತಿಂಗಳ ಆರಂಭದಲ್ಲಿ, ಬೀಚ್ ಎಲೆಗಳು ಇನ್ನೂ ಎಳೆಯದಾಗಿರುವಾಗ, ನಾನು ಆ ದಾರಿಯನ್ನು ಏರುತ್ತೇನೆ. ಆ ದಿನಗಳಲ್ಲಿ ಈ ಸೀಮೆಯ ಕಾಡುಗಳ ನೆಲದಲ್ಲಿ ಬ್ಲೂಬೆಲ್ ಹೂಗಳು ನೀಲಿಯಾಗಿ ಹರಡಿರುತ್ತವೆ. ಮೇಲೆ ಎಲೆಗಳು ದಟ್ಟವಾಗಿ ಬೆಳಕು ಕಡಿಮೆಯಾಗುವ ಮೊದಲೇ ಅವು ಅರಳಿ ಮುಗಿಯಬೇಕು.

ವೈಟ್ 1751ರಲ್ಲಿ ತೋಟದ ದಿನಚರಿಯನ್ನು ಆರಂಭಿಸಿದರು. 1768ರಿಂದ ಸಾವಿಗೆ ಕೆಲವೇ ದಿನಗಳ ಹಿಂದಿನವರೆಗೂ ಮಳೆ, ಗಾಳಿ, ಚಳಿ, ಅರಳಿದ ಹೂವು, ಕೂಗಿದ ಹಕ್ಕಿ ಎಲ್ಲವನ್ನೂ ಬರೆದಿಟ್ಟರು. ನೋಟಕ್ಕೆ ಒಂದೇ ಬಗೆಯಂತಿದ್ದ ಮೂರು ಪುಟ್ಟ ಹಕ್ಕಿಗಳನ್ನು ಹಾಡಿನ ಭೇದದಿಂದ ಮೂರು ಬೇರೆ ಜಾತಿಗಳೆಂದು ಗುರುತಿಸಿದರು. ಮಣ್ಣಿನ ಫಲವತ್ತತೆಗೆ ಎರೆಹುಳು ಎಷ್ಟು ಅಗತ್ಯವೆಂಬುದನ್ನು ಡಾರ್ವಿನ್‌ಗಿಂತ ಒಂದು ಶತಮಾನ ಮೊದಲೇ ಬರೆದರು. ಥಾಮಸ್ ಪೆನೆಂಟ್, ಡೇನ್ಸ್ ಬ್ಯಾರಿಂಗ್ಟನ್ ಎಂಬ ವಿದ್ವಾಂಸರಿಗೆ ಬರೆದ ಪತ್ರಗಳ ರೂಪದಲ್ಲಿ ಸೆಲ್ಬೋರ್ನ್‌ನ ಪ್ರಕೃತಿ ಚರಿತ್ರೆಯನ್ನು ಅವರು ಹೇಳಿದ ಗ್ರಂಥ 1789ರ ಮುದ್ರಣವರ್ಷ ಹೊತ್ತು ಪ್ರಕಟವಾಯಿತು. ಅದನ್ನು ಪ್ರಕಟಿಸಿದವರು ಅವರ ಇನ್ನೊಬ್ಬ ಸೋದರ ಬೆಂಜಮಿನ್.

ಆದರೆ ಅವರನ್ನು ಬಾಳಿನುದ್ದಕ್ಕೂ ಕಾಡಿದ ಪ್ರಶ್ನೆ ಬೇರೆ. ಸ್ವಾಲೋ ಎಂದು ಇಲ್ಲಿ ಕರೆಯುವ, ಕವಲೊಡೆದ ಬಾಲದ ಪುಟ್ಟ ಹಕ್ಕಿ ಏಪ್ರಿಲ್‌ನಲ್ಲಿ ಬಂದು ಸೂರಿನಡಿ ಗೂಡು ಕಟ್ಟುತ್ತದೆ. ಮರಿಗಳನ್ನು ಬೆಳೆಸಿ, ಚಳಿ ತಲೆದೋರುವ ಮುನ್ನ ಮಾಯವಾಗುತ್ತದೆ. ಎಲ್ಲಿಗೆ ಹೋಗುತ್ತದೆ? ಪೊಟರೆಗಳಲ್ಲೋ ನೀರಿನಡಿಯಲ್ಲೋ ನಿದ್ರಿಸುತ್ತದೆಂದು ಆ ಕಾಲದ ಹಲವರು ನಂಬಿದ್ದರು. ಜಿಬ್ರಾಲ್ಟರ್‌ನಲ್ಲಿ ಪಾದ್ರಿಯಾಗಿದ್ದ ಜಾನ್, ಹಕ್ಕಿಗಳು ಅಲ್ಲಿನ ಜಲಸಂಧಿಯನ್ನು ದಾಟುವುದನ್ನು ಕಂಡು ತಿಳಿಸಿದ್ದರು. ಹಲವು ಹಕ್ಕಿಗಳು ವಲಸೆ ಹೋಗುತ್ತವೆಂದು ವೈಟ್ ಒಪ್ಪಿದರು. ಆದರೂ ಕೆಲವಾದರೂ ಊರಿನಲ್ಲೇ ಅಡಗಿರಬಹುದೆಂಬ ಆಸೆ ಅವರನ್ನು ಬಿಡಲಿಲ್ಲ. ಆಳುಗಳನ್ನಿಟ್ಟು ಗುಡ್ಡದ ಪೊದೆಗಳಲ್ಲಿ ಹುಡುಕಿಸಿದರು. ಒಂದೂ ಸಿಗಲಿಲ್ಲ. ಅವರು ತೀರಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ಸಂದ ಬಳಿಕ, ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಕಾಲಿಗೆ ಉಂಗುರ ತೊಡಿಸಿ ಬಿಟ್ಟಿದ್ದ ಸ್ವಾಲೋ ಒಂದು 1912ರ ಡಿಸೆಂಬರ್‌ನಲ್ಲಿ ದಕ್ಷಿಣ ಆಫ್ರಿಕದಲ್ಲಿ ದೊರೆಯಿತು.

ಇದೇ ಜಾತಿಯ ಹಕ್ಕಿ ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆ, ಗದ್ದೆಗಳ ಮೇಲೂ ಹಾರುತ್ತದೆ. ಅದು ಇಲ್ಲಿಂದ ಹೋದದ್ದಲ್ಲ, ಹಿಮಾಲಯ ಮತ್ತು ಅದರಾಚೆಯ ಸೀಮೆಗಳಿಂದ ಇಳಿದು ಬಂದದ್ದು.

ಬಂದ ದಿನ, ಹೋದ ದಿನ. ವೈಟ್ ಅವರ ದಿನಚರಿಯಲ್ಲಿ ವರ್ಷ ವರ್ಷವೂ ಈ ಬರಹ ಮರಳುತ್ತದೆ. ಮೈಸೂರಿನಲ್ಲಿರುವ ನನ್ನ ತಾಯಿಯವರ ಗೋಡೆಯ ಕ್ಯಾಲೆಂಡರಿನಲ್ಲಿಯೂ ಅಂಥ ಗುರುತುಗಳಿವೆ: ನಾನು ಬಂದಿಳಿದ ತಾರೀಖು, ಹೊರಟ ತಾರೀಖು. ಅದು ವಯಸ್ಸಾದವರ ಅಭ್ಯಾಸವೆಂದಷ್ಟೇ ಭಾವಿಸಿದ್ದೆ. ಖಾಲಿ ಗೂಡುಗಳ ಕೆಳಗೆ ನಿಂತು ಲೆಕ್ಕವಿಟ್ಟ ವೈಟ್ ಅವರನ್ನು ಓದಿದ ಮೇಲೆ, ಆ ಪೆನ್ಸಿಲ್ ಗುರುತುಗಳಲ್ಲಿ ಕಾಯುವವರ ಶ್ರದ್ಧೆ ಕಂಡಿತು. ಹಾರಿಹೋದದ್ದು ಎಲ್ಲೋ ಕ್ಷೇಮವಾಗಿದೆ ಎಂದು ನಂಬಲು ಅವರಿಗೆ ಆಧಾರ ಕಳೆದ ವರ್ಷದ ತಾರೀಖು ಮಾತ್ರ.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೂ ಒಂದು ಮಾತು. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕರ ಸುಮಾರಿಗೆ ಕತ್ತಲಾಗುವ ನಾಡಿದು. ಮೊದಲ ಚಳಿಗಾಲ ಮನಸ್ಸನ್ನು ಕುಗ್ಗಿಸುತ್ತದೆ. ಮನೆಯ ಬಳಿ ಒಂದು ಕಾಲುದಾರಿಯನ್ನು ಆರಿಸಿಕೊಂಡು ವಾರಕ್ಕೊಮ್ಮೆ ಅದರಲ್ಲೇ ನಡೆಯಿರಿ. ಕಂಡದ್ದನ್ನು ತಾರೀಖಿನೊಡನೆ ಬರೆದಿಡಿ. ಜನವರಿ ಕಳೆಯುವ ಹೊತ್ತಿಗೆ ಸ್ನೋಡ್ರಾಪ್ ಎಂಬ ಬಿಳಿ ಹೂ ತಲೆಯೆತ್ತುತ್ತದೆ. ಎರಡನೆಯ ವರ್ಷ ಅದಕ್ಕಾಗಿ ನೀವೇ ಕಾಯುತ್ತೀರಿ. ಅಂದಿನಿಂದ ಈ ನೆಲ ಸಂಪೂರ್ಣ ಪರಕೀಯವಲ್ಲ.

ವೈಟ್ 1793ರ ಜೂನ್ 26ರಂದು ತಮ್ಮ ಮನೆಯಲ್ಲಿಯೇ ನಿಧನರಾದರು. ಆ ಮನೆ ಈಗ ವಸ್ತುಸಂಗ್ರಹಾಲಯ. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಆಲ್ಟನ್‌ವರೆಗೆ ರೈಲಿದೆ. ಅಲ್ಲಿಂದ ಸೆಲ್ಬೋರ್ನ್ ಏಳು ಕಿಲೋಮೀಟರಿನಷ್ಟು ದೂರ. ಚರ್ಚಿನ ಅಂಗಳದಲ್ಲಿ ಅವರ ಸಮಾಧಿಯ ಚಿಕ್ಕ ಕಲ್ಲಿದೆ. ಅದರ ಮೇಲಿರುವುದು ಹೆಸರಿನ ಎರಡು ಮೊದಲಕ್ಷರಗಳು ಮತ್ತು ಅವರು ಹೊರಟುಹೋದ ದಿನಾಂಕ.