ನಿಜಾಮರ ವಿದ್ಯಾರ್ಥಿವೇತನದಲ್ಲಿ ಓದಿದ ಸರೋಜಿನಿ

ಸರೋಜಿನಿ ನಾಯ್ಡು ಎಂದರೆ ನಮಗೆ ನೆನಪಾಗುವುದು ಭಾರತದ ಕೋಗಿಲೆ ಎಂಬ ಬಿರುದು ಮತ್ತು ಉಪ್ಪಿನ ಸತ್ಯಾಗ್ರಹ. ಒಂದು ಅಂಕದ ಪ್ರಶ್ನೆಗೆ ಅಷ್ಟು ಸಾಕು. ಆದರೆ ಅವರು ಹದಿನಾರನೇ ವಯಸ್ಸಿನಲ್ಲಿ, ಅಂದರೆ ನಮಗಿಂತಲೂ ಚಿಕ್ಕವರಿದ್ದಾಗ, ಹೈದರಾಬಾದ್ ಸಂಸ್ಥಾನದ ಹಣದಿಂದ ಇಂಗ್ಲೆಂಡಿಗೆ ಓದಲು ಹೋದರು ಎಂಬುದು ನನಗೆ ಈ ವರ್ಷವೇ ತಿಳಿಯಿತು. ಆಗ ನಮ್ಮ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲವೂ ಅದೇ ಸಂಸ್ಥಾನದಲ್ಲಿದ್ದವು. ನಮ್ಮ ಕಡೆಯ ರೈತರು ಕಟ್ಟಿದ ಕಂದಾಯವೂ ಆ ಸರ್ಕಾರಕ್ಕೇ ಹೋಗುತ್ತಿತ್ತು. ಹಾಗಾಗಿ ಅವರ ಓದಿನಲ್ಲಿ ನಮಗೂ ಸ್ವಲ್ಪ ಪಾಲಿದೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದೇನೆ.

ಸರೋಜಿನಿಯವರ ಮನೆತನ ಹೈದರಾಬಾದಿನದಲ್ಲ. ತಂದೆ ಅಘೋರನಾಥ ಚಟ್ಟೋಪಾಧ್ಯಾಯರು ಪೂರ್ವ ಬಂಗಾಳದವರು. ಅವರೂ ವಿದ್ಯಾರ್ಥಿವೇತನದಿಂದಲೇ ಮೇಲೆ ಬಂದವರು. ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನ ಪಡೆದು ಎಡಿನ್‌ಬರೋಗೆ ಹೋಗಿ, 1877ರಲ್ಲಿ ವಿಜ್ಞಾನದಲ್ಲಿ ಡಾಕ್ಟರ್ ಪದವಿ ಗಳಿಸಿದರು. ಆಮೇಲೆ ಹೈದರಾಬಾದಿಗೆ ಬಂದು ನೆಲೆಸಿ, ಮುಂದೆ ನಿಜಾಮ್ ಕಾಲೇಜಾದ ಸಂಸ್ಥೆಯನ್ನು ಕಟ್ಟಿದರು. 1879ರ ಫೆಬ್ರವರಿ 13ರಂದು ಸರೋಜಿನಿ ಅಲ್ಲೇ ಹುಟ್ಟಿದರು. ಬಂಗಾಳಿ ಮನೆಯಾದರೂ ತಾಯಿ ಮಗಳ ಜೊತೆ ಮಾತಾಡುತ್ತಿದ್ದದ್ದು ಹಿಂದೂಸ್ತಾನಿಯಲ್ಲಿ. ಮಗಳು ಇಂಗ್ಲಿಷ್ ಮಾತಾಡಲು ಹಟ ಮಾಡಿದಾಗ ತಂದೆ ಇಡೀ ದಿನ ಒಂದು ಕೋಣೆಯಲ್ಲಿ ಕೂಡಿಹಾಕಿದ್ದರಂತೆ. ಮನೆಯಲ್ಲಿ ಉರ್ದು, ಹೈಸ್ಕೂಲಿನಲ್ಲಿ ಕನ್ನಡ, ಈಗ ಇಂಗ್ಲಿಷಿನಲ್ಲಿ ಅಕೌಂಟೆನ್ಸಿ ಓದುವ ನಮ್ಮನ್ನು ಯಾರೂ ಕೂಡಿಹಾಕಲಿಲ್ಲ. ಆದರೆ ಫಸ್ಟ್ ಪಿಯುಸಿಯ ಮೊದಲ ತಿಂಗಳು ಹಾಗೆಯೇ ಅನಿಸಿತ್ತು.

ಹೊರಗಿನಿಂದ ಬಂದವರ ಜೀವನ ಎಷ್ಟು ಸೂಕ್ಷ್ಮ ಎಂಬುದಕ್ಕೆ 1883ರ ಘಟನೆ ಸಾಕ್ಷಿ. ಚಾಂದಾ ಕಡೆಗೆ ರೈಲು ಮಾರ್ಗ ಹಾಕುವ ಯೋಜನೆ ಬಂದಿತ್ತು. ಸಂಸ್ಥಾನದ ಹಣ ತೊಡಗುವ ಈ ವ್ಯವಹಾರದ ಷರತ್ತುಗಳನ್ನು ಜನರ ಮುಂದೆ ಇಟ್ಟು ಚರ್ಚಿಸಬೇಕು ಎಂದು ಅಘೋರನಾಥರು ಕೇಳಿದರು. ಕಾಮರ್ಸ್ ವಿದ್ಯಾರ್ಥಿನಿಯಾಗಿ ನೋಡಿದರೆ ಅದು ನ್ಯಾಯವಾದ ಪ್ರಶ್ನೆ. ಸರ್ಕಾರ ಅವರನ್ನು ಕೆಲಸದಿಂದ ತೆಗೆದು ಸಂಸ್ಥಾನದಿಂದಲೇ ಹೊರಗೆ ಕಳಿಸಿತು. ಆಗ ಸರೋಜಿನಿಗೆ ನಾಲ್ಕು ವರ್ಷ. ನಂತರ ವಾಪಸ್ ಕರೆದು ಕೆಲಸ ಕೊಟ್ಟರು, ನಿಜ. ಆದರೂ ಒಮ್ಮೆ ಹೊರಗೆ ಹಾಕಿಸಿಕೊಂಡ ಮನೆಗೆ ಆ ಭಯ ಪೂರ್ತಿ ಹೋಗಿರಲಿಕ್ಕಿಲ್ಲ.

ಸರೋಜಿನಿ ಹನ್ನೆರಡನೇ ವಯಸ್ಸಿಗೆ ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಷನ್ ಪಾಸಾದರು. 1895ರಲ್ಲಿ ನಿಜಾಮ್ ಮಹಬೂಬ್ ಅಲಿ ಖಾನರು ಅವರಿಗೆ ವಿಶೇಷ ವಿದ್ಯಾರ್ಥಿವೇತನ ಮಂಜೂರು ಮಾಡಿದರು. ವರ್ಷಕ್ಕೆ 300 ಪೌಂಡ್, ಜೊತೆಗೆ ಹಡಗಿನ ಖರ್ಚು. ಕೆಲವು ವರ್ಷಗಳ ನಂತರ ನಿಗದಿಯಾದ ದರದಂತೆ ಪೌಂಡಿಗೆ 15 ರೂಪಾಯಿ ಹಿಡಿದರೂ 4,500 ರೂಪಾಯಿ ಆಗುತ್ತದೆ. ತಂದೆಯನ್ನು ಗಡಿ ದಾಟಿಸಿದ ಸಂಸ್ಥಾನವೇ ಹನ್ನೆರಡು ವರ್ಷದ ನಂತರ ಮಗಳಿಗೆ ಸಮುದ್ರ ದಾಟುವ ಹಣ ಕೊಟ್ಟಿತು.

ಆ ಕಾಲದ ಹೈದರಾಬಾದಿನಲ್ಲಿ ಮುಲ್ಕಿ, ಗೈರ್ ಮುಲ್ಕಿ ಎಂಬ ಜಗಳ ಜೋರಾಗಿತ್ತು. ಮುಲ್ಕಿ ಎಂದರೆ ಊರಿನವರು, ಗೈರ್ ಮುಲ್ಕಿ ಎಂದರೆ ಹೊರಗಿನವರು. ಒಳ್ಳೆಯ ನೌಕರಿಗಳೆಲ್ಲ ಹೊರಗಿನವರ ಪಾಲಾಗುತ್ತಿವೆ ಎಂಬ ಊರಿನವರ ದೂರಿನಲ್ಲೂ ಸತ್ಯವಿತ್ತು. ಹಿಂದುಳಿದ ಜಿಲ್ಲೆಯವರಾದ ನಮಗೆ ಅದು ಅರ್ಥವಾಗುತ್ತದೆ. ನಮ್ಮ ಭಾಗಕ್ಕೆ 371(ಜೆ) ಬಂದದ್ದೂ ಅಂಥದ್ದೇ ಕಾರಣಕ್ಕೆ. ಆದರೆ ಬಂದವರ ಮಕ್ಕಳು ಯಾವ ಕಡೆಯವರು? ನಮ್ಮ ಅಬ್ಬಾ ಹತ್ತಿ ಮಿಲ್ಲಿನ ಕೆಲಸಕ್ಕೆ ಆದೋನಿಯಿಂದ ಬಂದವರು, ಅಮ್ಮಿ ಮಾನ್ವಿಯವರು. ನಾನು, ಆಪಾ ಇಬ್ಬರೂ ರಾಯಚೂರಿನಲ್ಲೇ ಹುಟ್ಟಿದೆವು. ಆಪಾ ಈಗ ಎಂ.ಎಸ್ಸಿ. ಮುಗಿಸಿ ಫೆಲೋಶಿಪ್‌ಗಳಿಗೆ ಅರ್ಜಿ ತುಂಬುತ್ತಿದ್ದಾಳೆ. 371(ಜೆ) ಪ್ರಮಾಣಪತ್ರ ಕೈಯಲ್ಲಿದ್ದರೂ ನೀವು ಮೂಲ ಎಲ್ಲಿಯವರು ಎಂದು ಕೇಳುವವರು ಕೇಳುತ್ತಲೇ ಇರುತ್ತಾರೆ. ಅಬ್ಬಾಗೆ ಇನ್ನೊಂದು ಚಿಂತೆ. ಯಾರದೋ ಹಣದಲ್ಲಿ ಹೋಗಿ, ಮುಗಿಸದೆ ಬಂದರೆ ಏನು ಮಾಡುವುದು?

ಸರೋಜಿನಿ ಮುಗಿಸದೆಯೇ ಬಂದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲೂ ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲೂ ಓದಿ, ಆರೋಗ್ಯ ಕೆಟ್ಟು, 1898ರಲ್ಲಿ ಪದವಿ ಇಲ್ಲದೆ ಮರಳಿದರು. ಅದೇ ವರ್ಷ ಮನೆಯವರು ಮೊದಲು ಒಪ್ಪದಿದ್ದ ಡಾ. ಗೋವಿಂದರಾಜುಲು ನಾಯ್ಡು ಅವರನ್ನೇ ಮದುವೆಯಾದರು. ವಿದ್ಯಾರ್ಥಿವೇತನದ ಕಡತ ನೋಡುವ ಗುಮಾಸ್ತನ ಲೆಕ್ಕದಲ್ಲಿ ಇದು ನಷ್ಟದ ಬಾಬತ್ತು. ಆದರೆ ಇಂಗ್ಲೆಂಡಿನಲ್ಲಿ ವಿಮರ್ಶಕ ಎಡ್ಮಂಡ್ ಗಾಸ್ ಅವರ ಪದ್ಯಗಳನ್ನು ಓದಿ, ಇಂಗ್ಲಿಷ್ ಹಕ್ಕಿಗಳನ್ನು ಬಿಟ್ಟು ನಿಮ್ಮ ನಾಡಿನ ಬಗ್ಗೆ ಬರೆಯಿರಿ ಎಂಬ ಸಲಹೆ ಕೊಟ್ಟಿದ್ದರು. ಆ ಒಂದು ಸಲಹೆಯ ಬೆಲೆ ಪದವಿಗಿಂತ ಹೆಚ್ಚೇ ಎಂದು ನನ್ನ ಅಭಿಪ್ರಾಯ. ಅಬ್ಬಾ ಇನ್ನೂ ಒಪ್ಪಿಲ್ಲ.

ಮುಂದಿನದು ಪಠ್ಯಪುಸ್ತಕದಲ್ಲಿದೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ ಪರಿಹಾರ ಕೆಲಸಕ್ಕೆ ನಿಂತರು. ಬ್ರಿಟಿಷರು ಕೊಟ್ಟ ಕೈಸರ್-ಇ-ಹಿಂದ್ ಪದಕವನ್ನು ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ ಹಿಂತಿರುಗಿಸಿದರು. 1925ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದರು. ಪಠ್ಯದಲ್ಲಿ ಹೆಚ್ಚು ಕಾಣದ ಸಂಗತಿ ಎಂದರೆ, 1924ರಲ್ಲಿ ಅವರು ಪೂರ್ವ ಆಫ್ರಿಕಾಕ್ಕೆ ಹೋಗಿ, ಅಲ್ಲಿ ನೆಲೆಸಿದ್ದ ಭಾರತೀಯರ ಸಮ್ಮೇಳನದ ಅಧ್ಯಕ್ಷತೆ ವಹಿಸಿ ಅವರ ಹಕ್ಕುಗಳಿಗಾಗಿ ಮಾತಾಡಿದರು. ವಲಸೆ ಬಂದವರ ಮಗಳು ವಲಸೆ ಹೋದವರ ಪರವಾಗಿ ನಿಂತದ್ದು ನನಗೆ ಬಹಳ ಹಿಡಿಸಿತು. ಸ್ವತಂತ್ರ ಭಾರತದಲ್ಲಿ ಇಂದಿನ ಉತ್ತರ ಪ್ರದೇಶದ ರಾಜ್ಯಪಾಲರಾಗಿದ್ದಾಗ, 1949ರ ಮಾರ್ಚ್ 2ರಂದು ಲಖನೌದಲ್ಲಿ ತೀರಿಕೊಂಡರು.

1905ರಲ್ಲಿ ಬಂದ ಅವರ ಕವನ ಸಂಕಲನದ ಹೆಸರು ದ ಗೋಲ್ಡನ್ ಥ್ರೆಶೋಲ್ಡ್, ಅಂದರೆ ಹೊನ್ನಿನ ಹೊಸ್ತಿಲು. ಹೈದರಾಬಾದಿನಲ್ಲಿ ಅವರ ಮನೆಗೂ ಅದೇ ಹೆಸರು. 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯ ಮೊದಲು ನಡೆದದ್ದು ಆ ಮನೆಯಲ್ಲೇ. ಈಗ ಅದು ಗಚ್ಚಿಬೌಲಿಯ ದೊಡ್ಡ ಆವರಣದಲ್ಲಿದೆ. ಆಪಾ ಪಿಎಚ್.ಡಿ.ಗೆ ಅರ್ಜಿ ಹಾಕಿರುವ ಕಡೆಗಳಲ್ಲಿ ಅದೂ ಒಂದು.