ಗಂಧರ್ವ ಗಾನದ ಹಿಂದಿನ ಭಾನುಮತಿ

ಕುಮಾರ ಗಂಧರ್ವರ ಹೆಸರು ಬಂದೊಡನೆ, ಒಂದೇ ಶ್ವಾಸಕೋಶದ ಬಲದಿಂದ ಹಾಡಿದ ಗಾಯಕ ಎಂಬ ಮಾತು ಸಂಗೀತಪ್ರಿಯರ ನಡುವೆ ತಾನಾಗಿಯೇ ಬರುತ್ತದೆ. ಮಾತು ನಿಜ. ಆದರೆ ಅದು ಅರ್ಧ ಲೆಕ್ಕ ಮಾತ್ರ. ವೃತ್ತಿಜೀವನವನ್ನು ಸರ್ಕಾರದ ಆಯವ್ಯಯ ಕಡತಗಳ ನಡುವೆ ಕಳೆದ ನನಗೆ, ಜಮೆಯ ಬದಿ ಕಂಡರೆ ಖರ್ಚಿನ ಬದಿಯನ್ನೂ ನೋಡುವ ಅಭ್ಯಾಸ. ಈ ಲೆಕ್ಕದಲ್ಲಿ ಖರ್ಚಿನ ಬದಿಗಿರುವ ಹೆಸರು ಭಾನುಮತಿ ಅವರದು.

ಗಂಧರ್ವರು ನಮ್ಮ ಬೆಳಗಾವಿ ಜಿಲ್ಲೆಯವರು. ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಬಾಲಕ, ಕೇಳಿದ ಗಾಯನವನ್ನು ಹಾಗೆಯೇ ಒಪ್ಪಿಸುವ ಶಕ್ತಿಯಿಂದ ಬಹು ಬೇಗ ಬೆರಗು ಹುಟ್ಟಿಸಿದ. ಕುಮಾರ ಗಂಧರ್ವ ಎಂಬುದು ಎಳವೆಯಲ್ಲೇ ದೊರೆತ ಬಿರುದು; ಮುಂದೆ ಅದೇ ಹೆಸರಾಯಿತು. ಹನ್ನೊಂದರ ವಯಸ್ಸಿನಲ್ಲಿ ಅಲಹಾಬಾದಿನ ಸಂಗೀತ ಸಮ್ಮೇಳನದಲ್ಲಿ ಹಾಡಿ ಘಟಾನುಘಟಿಗಳ ಮೆಚ್ಚುಗೆ ಪಡೆದ ಹುಡುಗನನ್ನು ತಂದೆ ಮುಂಬಯಿಯ ಬಿ. ಆರ್. ದೇವಧರ ಅವರ ಶಾಲೆಗೆ ಸೇರಿಸಿದರು. ಶಿಷ್ಯನಾಗಿ ಹೋದವರು ಕೆಲವೇ ವರ್ಷಗಳಲ್ಲಿ ಅಲ್ಲಿ ಕಲಿಸುವವರೂ ಆದರು. ಕರಾಚಿಯಿಂದ ಸಂಗೀತ ಕಲಿಯಲು ಬಂದಿದ್ದ ಭಾನುಮತಿ ಕಂಸ್ ಅವರ ಪರಿಚಯವಾದದ್ದು ಅಲ್ಲಿಯೇ. 1947ರಲ್ಲಿ ಇಬ್ಬರೂ ಮದುವೆಯಾದರು.

ಸಂಸಾರ ಹೂಡುವ ಹೊತ್ತಿಗೇ ಕ್ಷಯ ಕಾಣಿಸಿಕೊಂಡಿತು. ಒಣಹವೆಯ ಊರಿನಲ್ಲಿರುವುದು ಲೇಸೆಂದು ದಂಪತಿ ಮಾಳವ ಪ್ರಾಂತ್ಯದ ದೇವಾಸಕ್ಕೆ ತೆರಳಿದರು. ಅವರು ಆ ಊರು ತಲುಪಿದ ದಿನ 1948ರ ಜನವರಿ 30. ಗಾಂಧೀಜಿ ಹತ್ಯೆಯಾದ ದಿನ. ಮುಂದಿನ ಐದು ವರ್ಷಗಳ ಬಹುಭಾಗ ಗಂಧರ್ವರು ಹಾಸಿಗೆಯಲ್ಲೇ ಕಳೆದರು. ಹಾಡಕೂಡದೆಂಬುದು ವೈದ್ಯರ ಕಟ್ಟಪ್ಪಣೆ.

ಆ ಕಾಲದಲ್ಲಿ ಕ್ಷಯವೆಂದರೆ ಏನೆಂಬುದು ನನ್ನ ಪೀಳಿಗೆಯ ಹಳ್ಳಿಗರಿಗೆ ಹೇಳಬೇಕಾಗಿಲ್ಲ. ಹುಕ್ಕೇರಿ ತಾಲ್ಲೂಕಿನ ನಮ್ಮ ದಡ್ಡಿಯಲ್ಲಿ ಹಿರಿಯರು ಆ ರೋಗದ ಹೆಸರನ್ನೇ ಗಟ್ಟಿಯಾಗಿ ಆಡುತ್ತಿರಲಿಲ್ಲ. ರೋಗಿಗೆ ಬೇರೆ ತಾಟು, ಬೇರೆ ಹಾಸಿಗೆ. ಆದರೆ ಆ ತಾಟು ತೊಳೆಯುವವಳು, ಹಾಸಿಗೆ ಒಗೆಯುವವಳು ಮನೆಯ ಹೆಂಡತಿಯೋ ಸೊಸೆಯೋ ಆಗಿರುತ್ತಿದ್ದಳು. ಅವಳಿಗೆ ಸೋಂಕಿನ ಭಯ ಇರಬಾರದೆಂಬುದು ಅಲಿಖಿತ ನಿಯಮ. ಸ್ಟ್ರೆಪ್ಟೊಮೈಸಿನ್ ಔಷಧ 1943ರಲ್ಲಿ ಅಮೆರಿಕದಲ್ಲಿ ಪತ್ತೆಯಾಗಿ ಭಾರತಕ್ಕೆ ಆಗಷ್ಟೇ ಬರತೊಡಗಿತ್ತು. ಚಿಕಿತ್ಸೆ ದೀರ್ಘ, ದುಬಾರಿ. ಹಾಡೇ ಸಂಪಾದನೆಯಾಗಿದ್ದ ಮನೆಯಲ್ಲಿ ಹಾಡು ನಿಂತರೆ ವರಮಾನವೂ ನಿಂತಂತೆ.

ಆ ಭಾರವನ್ನು ಹೊತ್ತವರು ಭಾನುಮತಿ. ದೇವಾಸದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿ ದುಡಿದು, ಮನೆಗೆ ಬಂದು ರೋಗಿಯ ಶುಶ್ರೂಷೆ ಮಾಡಿದರು. ಸಂಗೀತ ಕಲಿಯಲೆಂದು ಊರು ಬಿಟ್ಟು ಬಂದ ತರುಣಿಯ ಪಾಲಿಗೆ ಬಂದದ್ದು ಸಂಬಳದ ದುಡಿಮೆ ಮತ್ತು ಸಂಬಳವಿಲ್ಲದ ದುಡಿಮೆ.

ಹಾಸಿಗೆ ಹಿಡಿದ ಗಂಧರ್ವರ ಕಿವಿಗೆ ಆ ದಿನಗಳಲ್ಲಿ ಬಿದ್ದದ್ದು ಮಾಳವದ ಜನಪದ ಹಾಡುಗಳು. ಮದುವೆ, ಹಬ್ಬ, ಮಳೆಗಾಲ, ಮಗುವಿನ ಜನನ ಇವೆಲ್ಲಕ್ಕೂ ಅಲ್ಲಿ ಹಾಡುಗಳಿದ್ದು, ಅವುಗಳಲ್ಲಿ ಹೆಚ್ಚಿನವನ್ನು ಹಾಡುವವರು ಹೆಂಗಸರು. ರಾಗಗಳ ಬೇರು ಈ ಧುನ್‌ಗಳಲ್ಲಿದೆ ಎಂಬ ಅವರ ನಿಲುವು ರೂಪುಗೊಂಡದ್ದು ಹೀಗೆ. ಮಾಲವತಿ, ಸಂಜಾರಿ, ಲಗನ ಗಾಂಧಾರ ಮೊದಲಾದ ಹೊಸ ರಾಗಗಳು ಅದರ ಫಲ. ಅವರ ರಚನೆಗಳ ಸಂಗ್ರಹ ಅನೂಪರಾಗವಿಲಾಸ 1965ರಲ್ಲಿ ಪ್ರಕಟವಾಯಿತು.

1953ರ ಹೊತ್ತಿಗೆ ಅವರು ಮತ್ತೆ ವೇದಿಕೆ ಏರಿದರು. ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯುಕ್ತವಾಗಿತ್ತು. ಉದ್ದನೆಯ ತಾನುಗಳಿಗೆ ಉಸಿರು ಸಾಲದು. ಚಿಕ್ಕ ಚಿಕ್ಕ, ಚುರುಕಾದ ಸ್ವರಗುಚ್ಛಗಳು, ನಡುವೆ ಮೌನ: ಹೀಗೆ ದೇಹದ ಮಿತಿಯೊಳಗೆ ಹೊಸ ಶೈಲಿಯೊಂದು ಮೈದಾಳಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಪರಿಚಿತ ಪಾಠ. ಸಂಪನ್ಮೂಲ ಕಡಿಮೆಯಾದಾಗ ಆಯ್ಕೆ ಹರಿತವಾಗುತ್ತದೆ. ಕಬೀರನ ನಿರ್ಗುಣ ಭಜನೆಗಳನ್ನು ಅವರು ಹಾಡಿದಾಗ ಆ ಮಿತವ್ಯಯವೇ ಭಾವವಾಯಿತು.

ಕಷ್ಟದ ಕಾಲ ಮುಗಿಯಿತೆನ್ನುವಾಗ, 1956ರಲ್ಲಿ, ಭಾನುಮತಿ ಮಗ ಮುಕುಲ್‌ನ ತಾಯಿಯಾದರು. ಆ ತಾಯ್ತನಕ್ಕೆ ದೊರೆತದ್ದು ಐದೇ ವರ್ಷ. 1961ರಲ್ಲಿ ಎರಡನೆಯ ಮಗನ ಹೆರಿಗೆಯ ವೇಳೆ ಅವರು ತೀರಿಕೊಂಡರು. ಕ್ಷಯದಿಂದ ಗಂಡನನ್ನು ಉಳಿಸಿಕೊಂಡ ಹೆಣ್ಣುಮಗಳನ್ನು ಹೆರಿಗೆ ಕೊಂಡೊಯ್ದಿತು. ಮರುವರ್ಷ ದೇವಧರ ಶಾಲೆಯಲ್ಲೇ ಕಲಿತ ವಸುಂಧರಾ ಅವರನ್ನು ಗಂಧರ್ವರು ವರಿಸಿದರು. ವೇದಿಕೆಯಲ್ಲಿ ಜತೆಗೂಡಿ ಹಾಡಿದ ವಸುಂಧರಾ, ಅವರ ಪರಂಪರೆಯನ್ನೂ ಕಾಪಾಡಿದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಗೌರವಗಳನ್ನು ಪಡೆದ ಗಂಧರ್ವರು 1992ರ ಜನವರಿ 12ರಂದು ದೇವಾಸದಲ್ಲೇ ನಿಧನರಾದರು. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ.

ಈ ಕಥೆ ಒಂದು ಮನೆತನದ್ದಷ್ಟೇ ಅಲ್ಲ. ಮನೆಯಲ್ಲೇ ಔಷಧ ಸೇವಿಸುವ ಕ್ಷಯರೋಗಿಯೂ ಆಸ್ಪತ್ರೆಯಲ್ಲಿರುವ ರೋಗಿಯಷ್ಟೇ ಗುಣಮುಖನಾಗುತ್ತಾನೆ ಎಂಬುದನ್ನು ಮದ್ರಾಸಿನಲ್ಲಿ ನಡೆದ ಅಧ್ಯಯನ 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿತು. ಬಡ ದೇಶಕ್ಕೆ ಅದು ವರದಾನ. ಸರ್ಕಾರಕ್ಕೆ ಆಸ್ಪತ್ರೆಯ ಹಾಸಿಗೆಗಳ ವೆಚ್ಚ ಉಳಿಯಿತು. ಆದರೆ ಆ ವೆಚ್ಚ ಮಾಯವಾಗಲಿಲ್ಲ. ಅದರ ಒಂದು ಭಾಗ ಅಡುಗೆಮನೆಗೆ ವರ್ಗವಾಯಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ ದುಡಿಯುತ್ತಾರೆ. ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಈ ನಿಮಿಷಗಳಿಗೆ ಬೆಲೆಯಿಲ್ಲ. ಕ್ಷಯರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಲ್ಲಿ ತಿಂಗಳಿಗೆ 500 ರೂಪಾಯಿಯಂತೆ ಆರಂಭವಾದ ನೆರವು 2024ರ ನವೆಂಬರಿನಿಂದ 1,000 ರೂಪಾಯಿಗೆ ಏರಿದೆ. ಸ್ವಾಗತಾರ್ಹವೇ. ಆದರೆ ಕೂಲಿ ಬಿಟ್ಟು ರೋಗಿಯ ಪಕ್ಕದಲ್ಲಿ ಕೂರುವವಳು, ಅದರಲ್ಲೂ ಬಸುರಿಯೋ ಹಸುಗೂಸಿನ ತಾಯಿಯೋ ಆಗಿರುವವಳು, ಆ ಲೆಕ್ಕದಲ್ಲಿ ಬರುವುದಿಲ್ಲ. ಯೋಜನೆ ರೂಪಿಸುವವರು ರೋಗಿಯ ಜತೆಗೆ ಆರೈಕೆ ಮಾಡುವವರ ದಿನಗೂಲಿಯನ್ನೂ ಆರೋಗ್ಯವನ್ನೂ ಪರಿಗಣಿಸಿದರೆ ಅದು ಔದಾರ್ಯವಲ್ಲ, ಬಾಕಿ ಸಂದಾಯ.

ಕಾಯಿಲೆ ಗೆದ್ದ ಕಲಾವಿದರ ಛಲವನ್ನು ನಾವು ಕೊಂಡಾಡುತ್ತೇವೆ, ಕೊಂಡಾಡಬೇಕಾದ್ದೇ. ಆದರೆ ಔಷಧವನ್ನು ಹೊತ್ತುಹೊತ್ತಿಗೆ ಯಾರಾದರೂ ಕೊಟ್ಟಿರುತ್ತಾರೆ, ಅದಕ್ಕೆ ಹಣವನ್ನು ಯಾರಾದರೂ ಹೊಂದಿಸಿರುತ್ತಾರೆ. 1953ರ ನಂತರ ಗಂಧರ್ವರು ಹಾಡಿದ ಪ್ರತಿಯೊಂದು ಸ್ವರದಲ್ಲೂ ಭಾನುಮತಿಯವರಿಗೆ ಪಾಲಿದೆ.